ಮರಿ ಆಮೆಯ ಕೆಳಗೆ ಏನು ಹಾಸಬೇಕು?

ಆಮೆಮರಿ ಸಾಕಲು ಹೊರಟವರು ನನ್ನನ್ನು ದೀಪದ ಬಗ್ಗೆ ಕೇಳುತ್ತಾರೆ, ಸೊಪ್ಪಿನ ಬಗ್ಗೆ ಕೇಳುತ್ತಾರೆ. ಕೆಳಗೆ ಏನು ಹಾಸಿದ್ದೀರಿ ಎಂದು ನಾನಾಗಿ ಕೇಳಿದರೆ ಮಾತ್ರ ಆ ವಿಷಯ ಬರುತ್ತದೆ. ಹೆಚ್ಚಿನವರ ಉತ್ತರ ಒಂದೇ: ಮರಳು. ಆಮೆ ಎಂದರೆ ಮರುಭೂಮಿ, ಮರುಭೂಮಿ ಎಂದರೆ ಮರಳು ಎಂಬ ಲೆಕ್ಕ. ಮರಳಿನ ಮೇಲೆ ಕುಳಿತ ಪುಟ್ಟ ಆಮೆ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ಸುಳ್ಳಲ್ಲ. ಆದರೆ ಆಮೆಗೆ ಅದರಿಂದ ಏನೂ ಉಪಯೋಗವಿಲ್ಲ.

ನಾನು ಒಂದು ಹರ್ಮನ್ ಆಮೆಯನ್ನೂ ಒಂದು ಕೆಂಗಾಲಿನ ಆಮೆಯನ್ನೂ ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಮರಿಯಿಂದ ಬೆಳೆಸಿದವಳು. ಒಂದು ಮೆಡಿಟರೇನಿಯನ್ ಕಡೆಯ ಜಾತಿ, ಇನ್ನೊಂದು ದಕ್ಷಿಣ ಅಮೆರಿಕದ್ದು. ಸಂಜೆಯಾದರೆ ಹರ್ಮನ್ ಮೂಲೆಗೆ ಹೋಗಿ ಮುಂಗಾಲಿನಿಂದ ಮಣ್ಣು ತೋಡಿ, ಬೆನ್ನಿನ ತುದಿ ಮಾತ್ರ ಕಾಣುವಷ್ಟು ಹೂತುಕೊಳ್ಳುತ್ತದೆ. ಕೆಂಗಾಲಿನದಕ್ಕೆ ಅಷ್ಟು ಶ್ರಮ ಬೇಡ, ತರಗೆಲೆಯ ಅಡಿಗೆ ನುಸುಳಿದರೆ ಆಯಿತು. ದಾರಿ ಬೇರೆಯಾದರೂ ಎರಡೂ ಹುಡುಕುವುದು ಮೈ ಸುತ್ತ ತೇವವಿರುವ ಜಾಗವನ್ನೇ. ಒಣ ಬಯಲಿನಲ್ಲಿ ಹುಟ್ಟುವ ಜಾತಿಗಳ ಮರಿಗಳೂ ದಿನದ ಹೆಚ್ಚು ಹೊತ್ತು ಹುಲ್ಲಿನ ಬುಡದಲ್ಲೋ ಬಿಲದಲ್ಲೋ ಅಡಗಿರುತ್ತವೆ. ಮೇಲೆ ಬಿಸಿಲು ಸುಡುತ್ತಿದ್ದರೂ ಅಲ್ಲಿ ತಂಪು, ಹಸಿ.

ಆದ್ದರಿಂದ ಹಾಸನ್ನು ನೆಲದ ಅಲಂಕಾರ ಅಂದುಕೊಳ್ಳಬೇಡಿ, ಅದು ನೀರಿನ ದಾಸ್ತಾನು. ಮರಿಯ ಬೆನ್ನಚಿಪ್ಪು ನಯವಾಗಿ ಬೆಳೆಯುವುದೋ ಗುಡ್ಡೆ ಗುಡ್ಡೆಯಾಗಿ ಎದ್ದು ನಿಲ್ಲುವುದೋ ಎಂಬುದು ಬಹುಪಾಲು ಈ ತೇವದ ಮೇಲೆ ನಿಂತಿದೆ. ಹೀಗೆ ಗುಡ್ಡೆ ಏಳುವುದಕ್ಕೆ ಪಿರಮಿಡಿಂಗ್ ಎನ್ನುತ್ತಾರೆ. ಪ್ರೋಟೀನ್ ಹೆಚ್ಚಾದರೆ ಹೀಗಾಗುತ್ತದೆ ಎಂದು ಬಹಳ ಕಾಲ ನಂಬಿದ್ದರು. 2003ರಲ್ಲಿ ವೀಸ್ನರ್ ಮತ್ತು ಈಬೆನ್ ಎಂಬ ಸಂಶೋಧಕರು ಆಫ್ರಿಕಾದ ಸಲ್ಕಾಟಾ ಜಾತಿಯ ಆಮೆಮರಿಗಳನ್ನು ಬೇರೆ ಬೇರೆ ತೇವಾಂಶದಲ್ಲಿ, ಬೇರೆ ಬೇರೆ ಪ್ರಮಾಣದ ಪ್ರೋಟೀನ್ ಕೊಟ್ಟು ಬೆಳೆಸಿ ನೋಡಿದರು. ಗುಡ್ಡೆ ಹೆಚ್ಚು ಎದ್ದದ್ದು ಒಣ ಗಾಳಿಯಲ್ಲಿ ಬೆಳೆದವಕ್ಕೆ, ಪ್ರೋಟೀನಿನ ಪಾತ್ರ ಅಲ್ಪ. ಒಮ್ಮೆ ಎದ್ದ ಗುಡ್ಡೆ ಮತ್ತೆ ಇಳಿಯುವುದಿಲ್ಲ, ಆಮೇಲೆ ಬೆಳೆಯುವ ಚಿಪ್ಪು ಮಾತ್ರ ಸರಿಯಾಗಬಹುದು.

ಯಾವ ಹಾಸನ್ನು ನೋಡಿದರೂ ನಾನು ಕೇಳಿಕೊಳ್ಳುವುದು ಇಷ್ಟೇ: ಮರಿ ಇದನ್ನು ನುಂಗಿದರೆ ಏನಾಗುತ್ತದೆ? ಇದರಲ್ಲಿ ಹೂತುಕೊಂಡು ರಾತ್ರಿಯಿಡೀ ಉಸಿರಾಡಿದರೆ? ಒದ್ದೆಯಾದ ಮೇಲೆ ಇದು ಬೂಷ್ಟು ಹಿಡಿಯುತ್ತದೆಯೇ?

ಮರಳು ಮೊದಲ ಪ್ರಶ್ನೆಯಲ್ಲೇ ಸೋಲುತ್ತದೆ. ಸೊಪ್ಪಿಗೆ ಅಂಟಿಕೊಂಡು ಹೊಟ್ಟೆ ಸೇರಿ ಕರುಳಿನಲ್ಲಿ ಗಟ್ಟಿ ಕೂರಬಹುದು. ತಿಂದರೂ ಕರಗುತ್ತದೆ ಎಂದು ಬಣ್ಣದ ಪೊಟ್ಟಣದಲ್ಲಿ ಮಾರುವ ಕ್ಯಾಲ್ಸಿಯಂ ಮರಳಂತೂ ಇನ್ನೂ ಅಪಾಯ, ಅದರ ರುಚಿಗೇ ಮರಿ ಬಾಯಿ ಹಾಕುತ್ತದೆ. ಮೆಡಿಟರೇನಿಯನ್ ಜಾತಿಯ ದೊಡ್ಡ ಆಮೆಗಳಿಗೆ ಮಣ್ಣಿನ ಜೊತೆ ಸ್ವಲ್ಪ ಮರಳು ಬೆರೆಸುವ ಅನುಭವಿಗಳಿದ್ದಾರೆ, ಅದು ಬೇರೆ ಮಾತು. ಮರಿಗೆ ನಾನು ಒಂದು ಹಿಡಿಯನ್ನೂ ಹಾಕುವುದಿಲ್ಲ. ಸಣ್ಣ ಜಲ್ಲಿ, ಬೆಕ್ಕಿನ ಲಿಟರ್, ಅಕ್ರೋಟಿನ ಚಿಪ್ಪಿನ ಪುಡಿ, ಜೋಳದ ದಿಂಡಿನ ಚೂರು ಇವೆಲ್ಲವೂ ಬೇಡ.

ಎರಡನೆಯ ಪ್ರಶ್ನೆಗೆ ಸೋಲುವುದು ದೇವದಾರು, ಪೈನ್ ಮರದ ಹೊಟ್ಟು. ಮೂಗಿಗೆ ಹಿತವಾಗಿರುವ ಆ ವಾಸನೆಯೇ ಕೇಡು. ಅದರ ಎಣ್ಣೆಯ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ಉಸಿರಿನ ದಾರಿಯನ್ನು ಕೆರಳಿಸುತ್ತದೆ. ಒಣಹುಲ್ಲು ಮತ್ತು ಅಲ್ಫಾಲ್ಫಾ ಮೇವಿನ ಉಂಡೆ ಮೂರನೆಯದಕ್ಕೆ ಸೋಲುತ್ತವೆ. ತೇವ ತಾಕಿದ ಕೆಲವೇ ದಿನಗಳಲ್ಲಿ ಬೂಷ್ಟು, ಒಣಗಿಸಿಟ್ಟರೆ ಮರಿಯೂ ಒಣಗುತ್ತದೆ. ಹುಲ್ಲಿನ ಚೂಪು ಕಡ್ಡಿ ಕಣ್ಣಿಗೆ ಚುಚ್ಚುವ ಭಯ ಬೇರೆ. ಬಟ್ಟೆಯ ಹಾಸು ತೊಳೆಯಲು ಸುಲಭವಾದರೂ ಅದರ ಎಳೆಗಳಿಗೆ ಉಗುರು ಸಿಕ್ಕಿಹಾಕಿಕೊಳ್ಳುತ್ತದೆ.

ಹಾಗಾದರೆ ಹಾಕುವುದೇನು? ಹರ್ಮನ್, ಗ್ರೀಕ್, ರಷ್ಯನ್ ಜಾತಿಯ ಮರಿಗಳಿಗೆ ಎರಡು ಪಾಲು ಬರೀ ಮಣ್ಣು, ಒಂದು ಪಾಲು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಬರೀ ಮಣ್ಣು ಎಂದರೆ ಗೊಬ್ಬರ, ಕೀಟನಾಶಕ ಸೋಕದ ಮಣ್ಣು. ಗಿಡ ನೆಡಲು ಮಾರುವ ಮಿಶ್ರಣದಲ್ಲಿ ಪರ್ಲೈಟಿನ ಬಿಳಿ ಗುಂಡುಗಳಿರುತ್ತವೆ, ಮರಿ ಅವನ್ನು ಹೆಕ್ಕಿ ಹೆಕ್ಕಿ ತಿನ್ನುತ್ತದೆ, ಆ ಚೀಲ ಮುಟ್ಟಬೇಡಿ. ಕೆಂಗಾಲಿನ ಮರಿಗೆ ಕೋಕೋಪೀಟ್ ಹೆಚ್ಚು, ಜೊತೆಗೆ ಆರ್ಕಿಡ್ ಗಿಡಗಳಿಗೆ ಬಳಸುವ ಫರ್ ಮರದ ತೊಗಟೆ, ಮೇಲೆ ತರಗೆಲೆಯ ಹೊದಿಕೆ. ತೊಗಟೆಯ ಚೂರು ಮರಿಯ ಬಾಯಿಗಿಂತ ದೊಡ್ಡದಿರಲಿ, ಅಂಚು ಚೂಪಾಗಿರದಿರಲಿ. ಸಲ್ಕಾಟಾ ಮರಿಗೂ ಇದೇ ಸಾಗುತ್ತದೆ. (ನಕ್ಷತ್ರ ಆಮೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. 2019ರಿಂದ ಅದು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲ, ಅತಿ ಕಟ್ಟುನಿಟ್ಟಿನ ಅನುಬಂಧದಲ್ಲಿದೆ. ಯಾವ ಮರಿಯನ್ನೇ ತನ್ನಿ, ಅದನ್ನು ಸಾಕಲು ಕಾನೂನು ಒಪ್ಪುತ್ತದೆಯೇ ಎಂದು ಮೊದಲು ನೋಡಿ.)

ಕೋಕೋಪೀಟ್ ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿ ಹಾಗೇ ಸುರಿಯಬೇಡಿ. ಅದರಲ್ಲಿ ಉಪ್ಪಿನಂಶ ಉಳಿದಿರಬಹುದು. ಒಂದೆರಡು ನೀರಿನಲ್ಲಿ ತೊಳೆದು ಹಿಂಡಿ, ಉದ್ದನೆಯ ನಾರೇನಾದರೂ ಇದ್ದರೆ ಕೈಯಿಂದ ಆರಿಸಿ ತೆಗೆಯಿರಿ. ನಾರು ಮರಿಯ ಕಾಲಿಗೆ ಸುತ್ತಿಕೊಂಡರೆ ರಕ್ತದ ಓಟ ನಿಲ್ಲುವಷ್ಟು ಬಿಗಿಯಾಗುತ್ತದೆ. ಪೂರ್ತಿ ಒಣಗಿದ ಕೋಕೋಪೀಟ್ ಕಣ್ಣಿಗೂ ಮೂಗಿಗೂ ಏರುವ ಧೂಳು, ಅದಕ್ಕೂ ಹಸಿಯಾಗಿಡಬೇಕು.

ಹಸಿ ಎಷ್ಟು ಎಂಬುದಕ್ಕೆ ನನ್ನ ಅಳತೆ ಕೈಮುಷ್ಟಿ. ಹಿಡಿದು ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಮೇಲಿಂದ ದಿನಕ್ಕೆ ಹತ್ತು ಸಲ ನೀರು ಚಿಮುಕಿಸುವವರಿದ್ದಾರೆ. ಆಗ ಮೇಲ್ಪದರ ಒದ್ದೆ, ಅಡಿ ಒಣ, ಅಂದರೆ ಬೇಕಾದದ್ದಕ್ಕೆ ತದ್ವಿರುದ್ಧ. ಹೊಟ್ಟೆಚಿಪ್ಪು ಸದಾ ಒದ್ದೆಯ ಮೇಲಿದ್ದರೆ ಅಲ್ಲಿ ಕೊಳೆಯುವ ರೋಗ ಹತ್ತುತ್ತದೆ. ನಾನು ಉಗುರುಬೆಚ್ಚಗಿನ ನೀರನ್ನು ಪೆಟ್ಟಿಗೆಯ ನಾಲ್ಕು ಮೂಲೆಗೆ ಸುರಿಯುತ್ತೇನೆ. ನೀರು ತಳಕ್ಕೆ ಇಳಿದು ಅಲ್ಲಿಂದ ಮೇಲೇರುತ್ತದೆ, ಮೇಲಿನ ಒಂದು ಬೆರಳು ದಪ್ಪ ಪದರ ಬಹುತೇಕ ಒಣಗಿಯೇ ಇರುತ್ತದೆ. ವಾರಕ್ಕೊಮ್ಮೆ ಕೈಯಿಂದ ಕಲಸಿ ಮಗುಚಿದರೆ ಸಾಕು.

ಇದಕ್ಕೆ ಆಳ ಬೇಕು. ಮರಿ ನಾಲ್ಕೈದು ಸೆಂಟಿಮೀಟರ್ ಉದ್ದವಿದ್ದರೂ ಹಾಸು 8ರಿಂದ 10 ಸೆಂಟಿಮೀಟರ್ ಇರಲಿ, ತೋಡುವ ಜಾತಿಗೆ ಇನ್ನೂ ಹೆಚ್ಚಾದರೂ ಸರಿ. ತೇವಮಾಪಕವನ್ನು ಗೋಡೆಯ ಮೇಲ್ಭಾಗಕ್ಕೆ ಅಂಟಿಸಿದರೆ ಅದು ನಿಮ್ಮ ಕೋಣೆಯ ಗಾಳಿಯನ್ನು ಅಳೆಯುತ್ತದೆ. ಮರಿ ಮಲಗುವ ಗೂಡಿನೊಳಗೆ, ಅದರ ಬೆನ್ನಿನ ಎತ್ತರಕ್ಕೆ ಇಡಿ. ಕೆಂಗಾಲಿನ, ಸಲ್ಕಾಟಾ ಮರಿಗಳಿಗೆ ಅಲ್ಲಿ ಶೇ. 80ರ ಆಸುಪಾಸು ತೋರಿಸಬೇಕು. ಮೆಡಿಟರೇನಿಯನ್ ಮರಿಗಳಿಗೆ ಗೂಡಿನೊಳಗೆ ಶೇ. 70 ಇದ್ದರೆ ಒಳ್ಳೆಯದು, ಹೊರಗೆ ಕಡಿಮೆಯಾದರೂ ನಡೆಯುತ್ತದೆ.

ತೇವದ ಜೊತೆ ಚಳಿ ಸೇರಬಾರದು. ಉಷ್ಣವಲಯದ ಮರಿಗಳಿಗೆ ಹಾಸು ಹಸಿಯಿದ್ದಾಗ ರಾತ್ರಿಯೂ 25–26 ಡಿಗ್ರಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಮೂಗು ಸುರಿಯಲು ಶುರುವಾಗುತ್ತದೆ. ಅದಕ್ಕೆಂದು ಹಾಸಿನ ಅಡಿಗೆ ಬಿಸಿ ಮಾಡುವ ಪ್ಯಾಡ್ ಇಡಬೇಡಿ. ಆಮೆ ಬಿಸಿ ಹೆಚ್ಚಾದಾಗ ತಂಪು ಹುಡುಕಿ ಕೆಳಕ್ಕೆ ತೋಡುತ್ತದೆ, ಅಲ್ಲೇ ಬೆಂಕಿಯಿದ್ದರೆ ಹೊಟ್ಟೆ ಸುಡುತ್ತದೆ. ಬಿಸಿ ಮೇಲಿನಿಂದಲೇ ಬರಲಿ.

ಹೊಸದಾಗಿ ತಂದ ಮರಿಯನ್ನು ಮೊದಲ ಕೆಲವು ವಾರ ಪೇಪರ್ ಟವೆಲ್ ಮೇಲಿಡುವುದು ವಾಡಿಕೆ, ಹಿಕ್ಕೆ ಸ್ಪಷ್ಟವಾಗಿ ಕಾಣುತ್ತದೆ, ಹುಳುವಿದ್ದರೆ ತಿಳಿಯುತ್ತದೆ. ಒಪ್ಪುತ್ತೇನೆ, ಆದರೆ ಆ ದಿನಗಳಲ್ಲಿ ಒದ್ದೆ ಪಾಚಿ (ಮಾಸ್) ತುಂಬಿದ ಅಡಗುಗೂಡೊಂದು ಇರಲೇಬೇಕು, ಪಾಚಿ ತಿನ್ನುತ್ತಿದೆಯೇ ಎಂದು ಕಣ್ಣಿಡಬೇಕು. ದಿನಾ 15–20 ನಿಮಿಷ ಬೆಚ್ಚಗಿನ ನೀರಿನಲ್ಲಿ ಬಿಡಿ. ನೀರು ಅದರ ಗಲ್ಲದ ಕೆಳಗೇ ಇರಲಿ. ಬರೀ ನ್ಯೂಸ್‌ಪೇಪರ್ ಮೇಲೆ ತಿಂಗಳುಗಟ್ಟಲೆ ಬೆಳೆಸುವುದು ಬೇಡ, ಜಾರುವ ನೆಲದಲ್ಲಿ ಕಾಲು ಅಗಲಕ್ಕೆ ಜರಗುತ್ತದೆ.

ಊಟವನ್ನು ಚಪ್ಪಟೆ ಕಲ್ಲಿನ ಮೇಲಿಡಿ, ಹಾಸು ಬಾಯಿಗೆ ಹೋಗುವುದು ಬಹಳಷ್ಟು ತಪ್ಪುತ್ತದೆ, ಕೊಕ್ಕೂ ಸವೆಯುತ್ತದೆ. ಹಿಕ್ಕೆಯನ್ನು ದಿನಾ ತೆಗೆಯಿರಿ. ಬಿಳಿ ಬೂಷ್ಟಿನ ಚುಕ್ಕೆ ಕಂಡರೆ ಆ ಭಾಗವನ್ನು ಎತ್ತಿ ಹಾಕಿ ಉಳಿದದ್ದನ್ನು ಮಗುಚಿ. ನಾನು ಸ್ಪ್ರಿಂಗ್‌ಟೇಲ್ ಹುಳುಗಳನ್ನು ಬಿಟ್ಟಿದ್ದೇನೆ, ಬೂಷ್ಟನ್ನು ಅವೇ ತಿಂದು ಮುಗಿಸುತ್ತವೆ. ಅಮೋನಿಯಾ ವಾಸನೆ ಬಂದ ದಿನ ಪೂರ್ತಿ ಬದಲಿಸಿ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಆಮೆಗಳಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.

ಇಷ್ಟಾದ ಮೇಲೂ ಮರಿ ಬೇಕೆಂದೇ ಮಣ್ಣು, ಕಲ್ಲು ತಿನ್ನುತ್ತಿದ್ದರೆ ಕ್ಯಾಲ್ಸಿಯಂ ಕೊರತೆಯ ಕಡೆ ನೋಡಿ. ತಿನ್ನುವುದನ್ನು ಬಿಟ್ಟು, ಹಿಕ್ಕೆ ಹಾಕಲು ತಿಣುಕುತ್ತಾ, ಹಿಂಗಾಲು ಎಳೆಯುತ್ತಿದ್ದರೆ ಕರುಳು ಕಟ್ಟಿರಬಹುದು, ಆಗ ಮನೆಮದ್ದು ಬೇಡ. ಸರೀಸೃಪ ನೋಡುವ ಪಶುವೈದ್ಯರ ಬಳಿ ಹೋಗುವಾಗ ಹಾಸಿನದೊಂದು ಹಿಡಿಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ. ಎಕ್ಸ್‌ರೇಯಲ್ಲಿ ಮರಳು, ಕಲ್ಲು ಎದ್ದು ಕಾಣುತ್ತವೆ. ತೊಗಟೆ, ನಾರು ಅಷ್ಟು ಸುಲಭಕ್ಕೆ ಕಾಣುವುದಿಲ್ಲ.