ಹದಿನಾಲ್ಕು ಮಕ್ಕಳು, ಅವರ ಹೆಸರಿನ ಸಂತರು

ವಿರಾಜಪೇಟೆಯಲ್ಲಿ ನಾನು ಭಾನುವಾರ ಮಕ್ಕಳಿಗೆ ಕ್ಯಾಟೆಕಿಸಂ, ಅಂದರೆ ಕ್ರೈಸ್ತ ಧರ್ಮದ ಪಾಠ, ಹೇಳಿಕೊಡುತ್ತೇನೆ. ದೃಢೀಕರಣಕ್ಕೆ (ದೀಕ್ಷಾಸ್ನಾನದ ವಿಶ್ವಾಸವನ್ನು ಗಟ್ಟಿಗೊಳಿಸುವ ಸಂಸ್ಕಾರಕ್ಕೆ) ತಯಾರಾಗುತ್ತಿದ್ದ ಹದಿನಾಲ್ಕು ಮಕ್ಕಳಿಗೆ ಅವರವರ ಹೆಸರಿನ ಸಂತರು ಯಾರು, ಹಬ್ಬ ಯಾವತ್ತು ಎಂದು ಒಂದು ಚಾರ್ಟ್ ಮಾಡಲು ಹೊರಟೆ.

ಅನಿತಾ ಮುಖ ಸಣ್ಣ ಮಾಡಿಕೊಂಡಳು. 'ಟೀಚರ್, ನನ್ನ ಹೆಸರು ಹಿಂದೂಗಳದ್ದು ಅಲ್ವಾ? ನಂಗೆ ಸಂತರಿಲ್ಲ.' ಪೋರ್ಚುಗೀಸರು ಅನ್ನಾ ಎನ್ನುವ ಹೆಸರನ್ನು ಮುದ್ದಾಗಿ ಅನಿತಾ ಅಂತಾರೆ. ಅವಳ ಸಂತರು ಮರಿಯಮ್ಮನ ತಾಯಿ ಅನ್ನಮ್ಮ, ಹಬ್ಬ ಜುಲೈ 26. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಆಸರೆ ಕೊಟ್ಟ ಕಾಲದಲ್ಲಿ, 1792ರಲ್ಲಿ, ಶುರುವಾದ ನಮ್ಮ ಇಗರ್ಜಿಯೂ ಅದೇ ಸಂತ ಅನ್ನಮ್ಮನವರದು. ಅದನ್ನು ಹೇಳಿದಾಗ ಅವಳು ತಲೆಯೆತ್ತಿ ಬಲಿಪೀಠದ ಕಡೆ ನೋಡಿದ ರೀತಿ ಇನ್ನೂ ಕಣ್ಣಲ್ಲಿದೆ.

ಆಮೇಲೆ ಸುಮ್ನೆ ಉಚ್ಚಾರ ನೋಡಿ ತೀರ್ಮಾನಿಸುವುದನ್ನು ಬಿಟ್ಟೆ. ಮನೆಯಲ್ಲಿ ಕರೆಯುವ ಹೆಸರು ಬೇಡ, ದೀಕ್ಷಾಸ್ನಾನದ ಸರ್ಟಿಫಿಕೇಟ್ ತನ್ನಿ ಅಂದೆ. ಅಜ್ಜನ ಹೆಸರು ಇಟ್ಟುಕೊಂಡಿದ್ದ ಇನಾಸ್ ಎಂದರೆ ಇಗ್ನೇಷಿಯಸ್, ಜುಲೈ 31. ಝೇವಿಯರ್ ಎನ್ನುವ ಹೆಸರು ಸಂತರ ಪಟ್ಟಿಯಲ್ಲಿ ಸಿಗಲೇ ಇಲ್ಲ. ಅದು ಸ್ಪೇನಿನ ನವಾರಾದ ಒಂದು ಕೋಟೆಯ ಹೆಸರು. ಅಲ್ಲಿ ಹುಟ್ಟಿದ ಸಂತರನ್ನು ಫ್ರಾನ್ಸಿಸ್ ಎಂದೇ ಹುಡುಕಬೇಕು. ಹಾಗೇ ಲಿಗೋರಿಯನ್ನು ಅಲ್ಫೋನ್ಸ್ ಎಂದು. ಜಾನ್‌ಗೆ ಸಂತರು ಜಾಸ್ತಿ. ಅವನು ಹುಟ್ಟಿದ್ದು ಜೂನ್ ಕೊನೆಯಲ್ಲಿ, ಹಾಗಾಗಿ ಜೂನ್ 24ರ ಸ್ನಾನಿಕ ಯೊವಾನ್ನರನ್ನು ಆರಿಸಿಕೊಂಡೆವು.

ಕಷ್ಟವಾದದ್ದು ಪ್ರಕಾಶ್ ಮತ್ತು ಮೆಲ್ವಿನ್. ಪ್ರಕಾಶನಿಗೆ ಹದಿನೆಂಟನೇ ಶತಮಾನದ ಹುತಾತ್ಮ ದೇವಸಹಾಯಂ ಪಿಳ್ಳೆಯವರ ಕತೆ ಹೇಳಿದೆ. ನೀಲಕಂಠ ಪಿಳ್ಳೆ 1745ರಲ್ಲಿ ದೀಕ್ಷಾಸ್ನಾನ ಪಡೆದಾಗ ಲಾಜರಸ್ ಎನ್ನುವ ಹೆಸರಿನ ಅರ್ಥವನ್ನೇ ತಮಿಳಿಗೆ ತಂದು ದೇವಸಹಾಯಂ ಎಂದು ಇಟ್ಟರು. 2022ರಲ್ಲಿ ಅವರು ಸಂತರಾದದ್ದು ಅದೇ ಹೆಸರಲ್ಲಿ. ಹಾಗಿದ್ದರೆ ಪ್ರಕಾಶನೂ ಬೆಳಕು ಎಂಬ ಅರ್ಥದ ಸಂತ ಲೂಸಿಯನ್ನು, ಡಿಸೆಂಬರ್ 13ನ್ನು, ತನ್ನದೆಂದು ಹೇಳಿಕೊಳ್ಳಬಹುದು. ಇದು ನನ್ನ ಜೋಡಣೆ ಎಂದು ಮಕ್ಕಳಿಗೂ ಹೇಳಿದ್ದೇನೆ.

ಮೆಲ್ವಿನ್‌ಗೆ ಸಂತರು ಸಿಗಲಿಲ್ಲ. ಸುಳ್ಳು ಬರೆಯಲು ಮನಸ್ಸು ಒಪ್ಪಲಿಲ್ಲ, ಆ ಜಾಗ ಖಾಲಿ ಬಿಟ್ಟೆ. ಸಂತರ ಹೆಸರೇ ಇಡಬೇಕು ಎಂದು ಈಗಿನ ಚರ್ಚ್ ಕಾನೂನೂ ಹೇಳುವುದಿಲ್ಲ; ಕ್ರೈಸ್ತ ಭಾವನೆಗೆ ಒಗ್ಗದ ಹೆಸರು ಬೇಡ ಅಷ್ಟೇ. ದೃಢೀಕರಣಕ್ಕೆ ನಿನಗಿಷ್ಟವಾದವರನ್ನು ಆರಿಸಿಕೋ ಅಂದೆ. ಎರಡು ವಾರ ಕಳೆದು ಬಂದವನು ಸ್ಕೆಚ್ ಪೆನ್ ಕೇಳಿ ತಾನೇ ಬರೆದ: 'ಜೋಸೆಫ್ ವಾಜ್, ಗೋವಾ. ಜನವರಿ 16.'