ಮಂಚ ಪಕ್ಕದ ವಾರ್ಡಿಗೆ ಹೋಗಬೇಕು: ಆಸ್ಪತ್ರೆಯೊಂದಕ್ಕೆ ಬೆಂಕಿ ರಕ್ಷಣೆ ಮಾಡಿದ ನನ್ನ ಅನುಭವ

ಆಫೀಸಿನಲ್ಲೋ ಸಿನಿಮಾ ಮಂದಿರದಲ್ಲೋ ಬೆಂಕಿ ಹತ್ತಿಕೊಂಡರೆ ಜನ ಮೆಟ್ಟಿಲಿಳಿದು ಹೊರಗೆ ಓಡುತ್ತಾರೆ. ಆಸ್ಪತ್ರೆಯಲ್ಲಿ ಹಾಗಾಗುವುದಿಲ್ಲ. ವೆಂಟಿಲೇಟರ್ ಮೇಲಿರುವವರು, ಬೆಳಿಗ್ಗೆಯಷ್ಟೇ ಸಿಸೇರಿಯನ್ ಆದ ತಾಯಿ, ಕಾಲಿಗೆ ತೂಕ ಕಟ್ಟಿ ಮಲಗಿಸಿದ ಅಜ್ಜ, ಇವರ್ಯಾರೂ ಓಡುವವರಲ್ಲ. ಬೆಂಕಿ ಬಿದ್ದ ಹೊತ್ತಿನಲ್ಲಿ ಲಿಫ್ಟನ್ನು ನಂಬುವ ಹಾಗೂ ಇಲ್ಲ. ಹಾಗಾಗಿ ಆಸ್ಪತ್ರೆಗೆ ಡಿಸೈನ್ ಮಾಡುವಾಗ ನಾನು ಮೊದಲು ನೋಡುವುದು ಗೋಡೆ. ನೀರಿನ ಪೈಪು ಆಮೇಲೆ. ರೋಗಿಯನ್ನು ಮಂಚದ ಸಮೇತ ಅದೇ ಮಹಡಿಯಲ್ಲಿ ಒಂದು ಗಟ್ಟಿ ಗೋಡೆಯ ಆಚೆಗೆ ತಳ್ಳಿ ಬಾಗಿಲು ಮುಚ್ಚಬೇಕು. ಆ ಕಡೆಗೆ ಹೊಗೆ ಬರಬಾರದು. ಕೆಳಗಿಳಿಸುವ ಮಾತು ಅದಾದ ಮೇಲೆ.

ನನ್ನೂರು ಹಾಸನ. ಫೈರ್ ಅಲಾರಂ, ಸ್ಪ್ರಿಂಕ್ಲರ್ (ಬಿಸಿ ತಾಗಿದರೆ ತಾನೇ ತೆರೆದು ನೀರು ಚಿಮ್ಮಿಸುವ ಸೀಲಿಂಗಿನ ಮೂತಿ), ಹೈಡ್ರಂಟ್ (ಬೆಂಕಿ ನಂದಿಸುವ ಹೋಸ್ ಸಿಕ್ಕಿಸುವ ನಲ್ಲಿ) ಡಿಸೈನ್ ನನ್ನ ಕಸುಬು. ಇಲ್ಲಿ ಹೇಳುತ್ತಿರುವುದು ಚಿಕ್ಕಮಗಳೂರು ಪೇಟೆಯ ಒಂದು ಖಾಸಗಿ ಆಸ್ಪತ್ರೆಯ ಕೆಲಸ. ಮುಂದೆ ಹಳೇ ಕಟ್ಟಡ, ನೆಲಮಹಡಿಯ ಮೇಲೆ ಎರಡು ಅಂತಸ್ತು. ಹಿಂದೆ ಅದಕ್ಕೆ ಅಂಟಿಕೊಂಡಂತೆ ಹೊಸ ಬ್ಲಾಕು. ಹಳೆಯದನ್ನು ರಿಪೇರಿ ಮಾಡಬೇಕು, ಹೊಸದನ್ನು ಕಟ್ಟಬೇಕು. ಇಷ್ಟೂ ನಡೆಯುವಾಗ ಆಸ್ಪತ್ರೆ ಒಂದು ದಿನವೂ ಮುಚ್ಚಬಾರದು. ಮೂಡಿಗೆರೆ, ಆಲ್ದೂರು ಕಡೆಯ ತೋಟಗಳಿಂದ ರಾತ್ರಿ ಹೊತ್ತಿನಲ್ಲಿ ಬರುವವರನ್ನು ವಾಪಸ್ ಕಳಿಸುವ ಹಾಗಿಲ್ಲ ಅಲ್ವಾ?

ಮೊದಲ ಮೀಟಿಂಗಿನಲ್ಲಿ ಆಡಳಿತದವರು ಕೇಳಿದ್ದು ಪಂಪಿನ ರೇಟು, ಸ್ಪ್ರಿಂಕ್ಲರ್ ರೇಟು. ನಾನು ಕೊಲ್ಕತ್ತಾದ ಎಎಂಆರ್‌ಐ ಆಸ್ಪತ್ರೆಯ ವಿಷಯ ತೆಗೆದೆ. 2011ರ ಡಿಸೆಂಬರ್ 9ರ ಬೆಳಗಿನ ಜಾವ ಅಲ್ಲಿ ಬೆಂಕಿ ಹತ್ತಿದ್ದು ಬೇಸ್‌ಮೆಂಟಿನಲ್ಲಿ. ಸತ್ತವರು 90ಕ್ಕೂ ಹೆಚ್ಚು ಜನ. ಅವರಲ್ಲಿ ಬಹುಪಾಲು ಜನ ಮೇಲಿನ ಮಹಡಿಗಳಲ್ಲಿದ್ದ ರೋಗಿಗಳು. ಅವರನ್ನು ಬೆಂಕಿ ಮುಟ್ಟಲೇ ಇಲ್ಲ, ಹೊಗೆ ಕೊಂದಿತು. 2021ರ ಜನವರಿಯಲ್ಲಿ ಮಹಾರಾಷ್ಟ್ರದ ಭಂಡಾರಾ ಜಿಲ್ಲಾಸ್ಪತ್ರೆಯ ಶಿಶು ಘಟಕದಲ್ಲಿ 10 ಹಸುಗೂಸುಗಳು ಹೋದವು. ಈ ಎರಡು ಘಟನೆ ನನ್ನ ತಲೆಯಿಂದ ಯಾವತ್ತೂ ಹೋಗಿಲ್ಲ. ಹೊಗೆ ಎಲ್ಲಿ ನಿಲ್ಲುತ್ತದೆ ಎಂದು ನಿರ್ಧಾರವಾಗುವ ತನಕ ಪಂಪಿನ ಮಾತು ಬೇಡ ಎಂದೆ. ಅವರು ಒಪ್ಪಿದರು.

ನಮ್ಮ ನ್ಯಾಷನಲ್ ಬಿಲ್ಡಿಂಗ್ ಕೋಡ್ 2016ರ ನಾಲ್ಕನೇ ಭಾಗ ಪೂರ್ತಿ ಬೆಂಕಿಯ ವಿಷಯವೇ. ಆಸ್ಪತ್ರೆಯ ಕಾರಿಡಾರ್ 2.4 ಮೀಟರ್ ಅಗಲ ಇರಬೇಕು, ಮೆಟ್ಟಿಲು 2 ಮೀಟರ್ ಇರಬೇಕು ಎಂಬ ಲೆಕ್ಕಗಳೆಲ್ಲ ಅದರಲ್ಲಿವೆ. ಹಳೇ ಕಟ್ಟಡದ ಮೆಟ್ಟಿಲು ಅಷ್ಟು ಅಗಲ ಇರಲಿಲ್ಲ, ಒಡೆದು ಅಗಲ ಮಾಡುವ ಹಾಗೂ ಇರಲಿಲ್ಲ. ಆದರೆ ಪಕ್ಕದಲ್ಲೇ ಹೊಸ ಬ್ಲಾಕು ಬರುತ್ತಿತ್ತಲ್ಲ, ಅದೇ ದೊಡ್ಡ ಅನುಕೂಲ. ಹಳೆಯದು ಒಂದು ಭಾಗ, ಹೊಸದು ಒಂದು ಭಾಗ. ನಡುವೆ ಎರಡು ಗಂಟೆ ಬೆಂಕಿ ತಡೆಯುವ ಗೋಡೆ. ಇಲ್ಲಿ ಬೆಂಕಿಯಾದರೆ ಅಲ್ಲಿಗೆ, ಅಲ್ಲಾದರೆ ಇಲ್ಲಿಗೆ.

ಕಾಗದದ ಮೇಲೆ ಗೆರೆ ಎಳೆಯುವುದು ಸುಲಭ. ಆಚೆ ಬದಿಯಲ್ಲಿ ಮಂಚಕ್ಕೆ ಜಾಗ ಇದೆಯೋ ಇಲ್ಲವೋ ನೋಡಬೇಕಲ್ಲ? ಮಲಗಿದ ರೋಗಿ ಒಬ್ಬರಿಗೆ 2.8 ಚದರ ಮೀಟರ್ ಎನ್ನುವುದು ಅಮೆರಿಕದ ಬೆಂಕಿ ಸುರಕ್ಷತೆಯ ಕೋಡ್ ಎನ್‌ಎಫ್‌ಪಿಎ 101 ಇಟ್ಟುಕೊಂಡಿರುವ ಲೆಕ್ಕ. ನಾನೂ ಅದನ್ನೇ ಹಿಡಿದೆ. ಹಳೇ ಬದಿಯ ಮೊದಲ ಮಹಡಿಯಲ್ಲಿ 22 ಹಾಸಿಗೆ. ಅಂದರೆ ಸುಮಾರು 62 ಚದರ ಮೀಟರ್ ಬೇಕು. ಹೊಸ ಬದಿಯ ಕಾರಿಡಾರ್ 24 ಮೀಟರ್ ಉದ್ದ, 2.4 ಮೀಟರ್ ಅಗಲ. ಒಟ್ಟು 58 ಕೂಡ ದಾಟುವುದಿಲ್ಲ. ಅದನ್ನು ಪೂರ್ತಿ ಮಂಚದಿಂದ ತುಂಬಿದರೆ ನರ್ಸ್ ಓಡಾಡುವುದಾದರೂ ಎಲ್ಲಿ? ಹಾಗಾಗಿ ಮೂಲೆಯಲ್ಲಿದ್ದ ಫಿಸಿಯೋಥೆರಪಿ ಹಾಲನ್ನು ಗೋಡೆಯ ಬಾಗಿಲಿನ ಪಕ್ಕಕ್ಕೆ ತರುವಂತೆ ಆರ್ಕಿಟೆಕ್ಟ್‌ಗೆ ಕೇಳಿಕೊಂಡೆ. ಹಗಲು ಅದು ವ್ಯಾಯಾಮದ ಹಾಲು. ಬೆಂಕಿಯ ಹೊತ್ತಿನಲ್ಲಿ ಮಂಚಗಳ ಜಾಗ.

ಹಳೆಯ ನೆಲಕ್ಕೂ ಹೊಸ ನೆಲಕ್ಕೂ 120 ಮಿಲಿಮೀಟರ್ ವ್ಯತ್ಯಾಸ ಇತ್ತು. ಪ್ಲಾನಿನಲ್ಲಿ ಅಲ್ಲಿ ಒಂದು ಮೆಟ್ಟಿಲು ತೋರಿಸಿದ್ದರು. ಮಂಚ ಮೆಟ್ಟಿಲು ಹತ್ತುವುದಿಲ್ಲ. 12ಕ್ಕೆ 1ರ ಇಳಿಜಾರಿನಲ್ಲಿ ಸುಮಾರು ಒಂದೂವರೆ ಮೀಟರ್ ರ‍್ಯಾಂಪ್ ಮಾಡಿಸಿದೆವು.

ಚಿಕ್ಕಮಗಳೂರಿನ ನೆಲದ ಏರಿಳಿತ ಇಲ್ಲಿ ನಮ್ಮ ಕೈ ಹಿಡಿಯಿತು. ನಿವೇಶನದ ಹಿಂಭಾಗ ಎತ್ತರ. ಹೊಸ ಬ್ಲಾಕಿನ ಮೊದಲ ಮಹಡಿಯ ಹಿಂಬಾಗಿಲು ನೇರ ನೆಲಕ್ಕೇ ತೆರೆಯುತ್ತದೆ, ಒಂದು ಮೆಟ್ಟಿಲೂ ಇಲ್ಲ. ಐಸಿಯು ಎರಡನೇ ಮಹಡಿಗೆ ಎಂದು ಮೊದಲು ಗುರುತಾಗಿತ್ತು. ಆಪರೇಷನ್ ಥಿಯೇಟರ್ ಪಕ್ಕದಲ್ಲೇ ಇರಬೇಕೆಂದು ಡಾಕ್ಟರುಗಳ ಒತ್ತಾಯ, ಅದೂ ಸರಿಯೇ. ಹಾಗಾದರೆ ಎರಡನ್ನೂ ಮೊದಲ ಮಹಡಿಗೆ ಇಳಿಸೋಣ ಎಂದೆ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಚರ್ಚೆಯಾಗಿದ್ದು ಇದೇ. ಕೊನೆಗೆ ಐಸಿಯು ಹಿಂಬಾಗಿಲ ಹತ್ತಿರಕ್ಕೆ ಬಂತು. ಎಷ್ಟು ದುಡ್ಡಿನ ಸ್ಪ್ರಿಂಕ್ಲರ್ ಹಾಕಿದರೂ ಈ ಒಂದು ಬದಲಾವಣೆಗೆ ಸಮ ಇಲ್ಲ ಎಂದು ನಾನು ನಂಬುತ್ತೇನೆ.

ಇನ್ನು ಗೋಡೆಯ ತೂತುಗಳು. ಹಳೇ ಕಟ್ಟಡದಲ್ಲಿ ಫಾಲ್ಸ್ ಸೀಲಿಂಗ್ ಹಲಗೆ ಎತ್ತಿ ಟಾರ್ಚ್ ಬಿಟ್ಟು ನೋಡಬೇಕು. ಕೆಳಗಿನಿಂದ ಗೋಡೆ ಚೆನ್ನಾಗಿ ಕಾಣುತ್ತದೆ, ಬಣ್ಣವೂ ಹೊಸದು. ಮೇಲೆ ನೋಡಿದರೆ ಎಷ್ಟೋ ಕಡೆ ಇಟ್ಟಿಗೆ ಫಾಲ್ಸ್ ಸೀಲಿಂಗ್ ಮಟ್ಟಕ್ಕೇ ನಿಂತಿದೆ. ಅಲ್ಲಿಂದ ಸ್ಲ್ಯಾಬಿನ ತನಕ ಬಯಲು. ಹೊಗೆಗೆ ಅದು ರಾಜಮಾರ್ಗ. ಆ ಗೋಡೆಗಳನ್ನೆಲ್ಲ ಸ್ಲ್ಯಾಬಿನವರೆಗೆ ಕಟ್ಟಿಸಿದೆವು. ಆಮೇಲೆ ಗೋಡೆ ತೂರಿಕೊಂಡು ಹೋಗುವ ಆಕ್ಸಿಜನ್ ಪೈಪು, ಎಸಿ ಡಕ್ಟು, ಕೇಬಲ್ ಟ್ರೇ, ಡ್ರೈನ್ ಪೈಪು, ಒಂದೊಂದಕ್ಕೂ ಬೇರೆ ಮದ್ದು. ಕೇಬಲ್ ಸುತ್ತ ಫೈರ್ ಸೀಲೆಂಟ್ ಎಂಬ ಬೆಂಕಿ ತಡೆಯುವ ಮೆತ್ತು. ಡಕ್ಟಿನೊಳಗೆ ಬೆಂಕಿ ಬಂದರೆ ತಾನೇ ಮುಚ್ಚಿಕೊಳ್ಳುವ ಫೈರ್ ಡ್ಯಾಂಪರ್. ಪಿವಿಸಿ ಪೈಪಿಗೆ ಸುತ್ತಲೂ ಒಂದು ಕಾಲರ್. ಪೈಪು ಬಿಸಿಗೆ ಕರಗುವಾಗ ಆ ಕಾಲರ್ ಊದಿಕೊಂಡು ತೂತನ್ನು ಮುಚ್ಚುತ್ತದೆ. ಕೆಲವು ಪ್ಲಂಬರುಗಳು ತೂತಿಗೆಲ್ಲ ಮಾಮೂಲಿ ಪಿಯು ಫೋಮ್ (ಊದಿಕೊಂಡು ಗಟ್ಟಿಯಾಗುವ ಪ್ಲಾಸ್ಟಿಕ್ ನೊರೆ) ಹೊಡೆದು ಮುಗಿಸುತ್ತಾರೆ. ಅದೇ ಬೆಂಕಿ ಹಿಡಿದು ಉರಿಯುವ ವಸ್ತು. ಬೆಂಕಿ ತಡೆಯುವ ಗೋಡೆಯ ಹತ್ತಿರ ಅದನ್ನು ತರಲೇಬಾರದು.

ಹಳೇ ಕಟ್ಟಡಕ್ಕೆ ಹೊಸದನ್ನು ಸೇರಿಸುವವರು ಒಂದು ವಿಷಯ ಮರೆಯಬಾರದು. ಎರಡರ ನಡುವೆ ಎಕ್ಸ್‌ಪ್ಯಾನ್ಶನ್ ಜಾಯಿಂಟ್, ಅಂದರೆ ಕಟ್ಟಡ ಹಿಗ್ಗಿ ಕುಗ್ಗಲು ಬಿಟ್ಟ ಸಂದು, ಇರುತ್ತದೆ. ನಮ್ಮಲ್ಲಿ ಅದು ತಳದಿಂದ ಟೆರೇಸಿನ ತನಕ ಒಂದೇ ಸೀಳು. ಮೇಲೆ ಅಲ್ಯೂಮಿನಿಯಂ ಪಟ್ಟಿ ಹೊಡೆದರೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಒಳಗೆ ಚಿಮಣಿಯೇ. ಪ್ರತಿ ಮಹಡಿಯ ಮಟ್ಟದಲ್ಲೂ ಅದರೊಳಗೆ ಉರಿಯದ ನಾರಿನ ಮಿನರಲ್ ವುಲ್ ತುಂಬಿ, ಮೇಲೆ ಹಿಗ್ಗಿ ಕುಗ್ಗುವ ಫೈರ್ ಸೀಲೆಂಟ್ ಹಾಕಿಸಿದೆ. ಮೇಸ್ತ್ರಿ ಗಾರೆ ಮೆತ್ತಲು ಬಂದಿದ್ದರು. ಬಿಸಿಲಿಗೆ ಕಟ್ಟಡ ಹಿಗ್ಗಿದಾಗ ಗಾರೆ ಬಿರುಕು ಬಿಡುತ್ತದೆ ಎಂದು ಹೇಳಿ ನಿಲ್ಲಿಸಿದೆ.

ಬಾಗಿಲಿನ ವಿಷಯದಲ್ಲಿ ನನಗೆ ದಾರಿ ತೋರಿಸಿದವರು ಅಲ್ಲಿನ ಹಿರಿಯ ಸಿಸ್ಟರ್. "ಸಾರ್, ಈ ಬಾಗಿಲು ಯಾವಾಗ್ಲೂ ಮುಚ್ಕೊಂಡಿದ್ರೆ ನಮ್ಮ ಹುಡುಗೀರು ಎರಡೇ ದಿನಕ್ಕೆ ಸಿಲಿಂಡರ್ ಅಡ್ಡ ಇಟ್ಬಿಡ್ತಾರೆ. ಟ್ರಾಲಿ ತಳ್ಕೊಂಡು ಹೋಗೋದು ಹೆಂಗೆ ಹೇಳಿ" ಎಂದರು. ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಹಾಗಾಗಿ ಫೈರ್ ಡೋರುಗಳನ್ನು ಅಯಸ್ಕಾಂತದ ಹಿಡಿಕೆಗೆ ಸಿಕ್ಕಿಸಿದೆವು. ದಿನವಿಡೀ ತೆರೆದೇ ಇರುತ್ತವೆ. ಅಲಾರಂ ಬಂದ ತಕ್ಷಣ ಕರೆಂಟ್ ಕಡಿದು ಅಯಸ್ಕಾಂತ ಬಿಡುತ್ತದೆ, ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಬೀಗ ಬೀಳುವುದಿಲ್ಲ, ತಳ್ಳಿದರೆ ತೆರೆಯುತ್ತದೆ. ಆಚೆ ಯಾರು ಬರುತ್ತಿದ್ದಾರೆಂದು ಕಾಣಲು ಗಾಜಿನ ಕಿಂಡಿ. ಇನ್ನೊಂದು ಮಾತನ್ನೂ ಸಿಸ್ಟರ್ ಹೇಳಿದರು: "ರಾತ್ರಿ ಪಾಳೀಲಿ ಈ ವಾರ್ಡಿಗೆ ನಾವಿಬ್ರೇ ಸಾರ್ ಇರೋದು." ಇಬ್ಬರು ಸೇರಿ ಒಂದು ಸಲಕ್ಕೆ ಒಂದೇ ಮಂಚ ಸರಿಸಬಹುದು. ಅದಕ್ಕೆ ಒಂದು ಮಹಡಿಯಲ್ಲಿ ಅಲಾರಂ ಬಂದರೆ ಪಕ್ಕದ ಮಹಡಿಗಳ ನರ್ಸಿಂಗ್ ಸ್ಟೇಷನ್ನಿಗೂ, ಸೆಕ್ಯುರಿಟಿಯವರಿಗೂ ಕೂಡಲೇ ಸುದ್ದಿ ಹೋಗುವಂತೆ ಮಾಡಿದೆ. ರೋಗಿಗಳ ತಲೆಯ ಮೇಲೆ ಹೂಟರ್ ಕಿರುಚುವುದಿಲ್ಲ. ಸ್ಟೇಷನ್ನಿನಲ್ಲಿ ದೀಪ, ಬಜರ್, ಮೈಕಿನಲ್ಲಿ "ಕೋಡ್ ರೆಡ್" (ಬೆಂಕಿ ಎಂಬ ಸಂಕೇತ) ಮತ್ತು ವಾರ್ಡಿನ ಹೆಸರು.

ಆಕ್ಸಿಜನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಾವು ಉಸಿರಾಡುವ ಗಾಳಿಯಲ್ಲಿ ಆಕ್ಸಿಜನ್ ಶೇಕಡಾ 21. ಅದು 23.5 ದಾಟಿದರೆ ಅಪಾಯದ ವಾತಾವರಣ ಎಂದೇ ಲೆಕ್ಕ. ಬೆಡ್‌ಶೀಟು, ಮಾಸ್ಕು, ಪ್ಲಾಸ್ಟಿಕ್ ಟ್ಯೂಬು ಎಲ್ಲ ಬೇಗ ಹೊತ್ತಿಕೊಳ್ಳುತ್ತವೆ, ಜೋರಾಗಿ ಉರಿಯುತ್ತವೆ. ಕೋವಿಡ್ ಕಾಲದಿಂದ ಬಂದ ಹೈ ಫ್ಲೋ ಯಂತ್ರಗಳು ಒಬ್ಬ ರೋಗಿಗೇ ನಿಮಿಷಕ್ಕೆ 60 ಲೀಟರ್ ತನಕ ಕೊಡುತ್ತವೆ. ಕಿಟಕಿ ಮುಚ್ಚಿದ, ಒಳಗಿನ ಗಾಳಿಯನ್ನೇ ತಿರುಗಿಸುವ ಎಸಿ ಹಾಕಿದ ಕೋಣೆಯಲ್ಲಿ ಇಂಥ ಯಂತ್ರಗಳು ಸಾಲಾಗಿ ಓಡಿದರೆ ಏನಾಗಬಹುದು ಯೋಚಿಸಿ. ಐಸಿಯುಗೆ ಹೊರಗಿನ ಗಾಳಿ ಬರುವ, ಒಳಗಿನದು ಹೊರಹೋಗುವ ವ್ಯವಸ್ಥೆ ಬೇಕೇ ಬೇಕು ಎಂದು ಹಟ ಹಿಡಿದೆ. ವಾರ್ಡಿನ ಆಕ್ಸಿಜನ್ ವಾಲ್ವ್ ಪೆಟ್ಟಿಗೆಯನ್ನು ವಾರ್ಡಿನ ಬಾಗಿಲ ಹೊರಗೆ ಇಟ್ಟೆವು. ಒಳಗೆ ಬೆಂಕಿ ಇದ್ದಾಗ ಒಳಗೇ ಹೋಗಿ ವಾಲ್ವ್ ಮುಚ್ಚಲು ಆಗುತ್ತದೆಯೇ? ಯಾವ ವಾಲ್ವ್ ಯಾವ ಹಾಸಿಗೆಗಳಿಗೆ ಎಂದು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಸಿದೆವು. ಮುಚ್ಚುವ ನಿರ್ಧಾರ ಪಾಳಿಯ ಹಿರಿಯ ನರ್ಸ್‌ದು. ವೆಂಟಿಲೇಟರ್ ರೋಗಿಗಳಿಗೆ ಸಣ್ಣ ಸಿಲಿಂಡರ್, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಕೈಗೆ ಸಿಕ್ಕಿದ ಮೇಲೆಯೇ ಮುಚ್ಚಬೇಕು.

ನೀರಿನ ಲೆಕ್ಕ ಬೇಗ ಮುಗಿಯುವಂಥದ್ದು. ಅತಿ ದೂರದ, ಅತಿ ಮೇಲಿನ ಹೈಡ್ರಂಟಿನಲ್ಲಿ 3.5 ಬಾರ್ ಒತ್ತಡ ಬೇಕು. 14 ಮೀಟರ್ ಎತ್ತರಕ್ಕೆ 1.4 ಬಾರ್, ಪೈಪಿನ ಘರ್ಷಣೆಗೆ ಒಂದಿಷ್ಟು. ಎಲ್ಲ ಕೂಡಿಸಿ 70 ಮೀಟರ್ ಹೆಡ್ಡಿನ, ಅಂದರೆ ಸುಮಾರು 7 ಬಾರ್ ಒತ್ತಡ ಕೊಡುವ, ಪಂಪು ಆರಿಸಿದೆ. ಕರೆಂಟಿನದು ಒಂದು, ಡೀಸೆಲ್‌ದು ಒಂದು, ಒತ್ತಡ ಕಾಯಲು ಸಣ್ಣ ಜಾಕಿ ಪಂಪು. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ಕಂಬ ಮುರಿದರೆ ಕರೆಂಟು ಬರುವುದು ಯಾವಾಗಲೋ. ಹಾಗಾಗಿ ಡೀಸೆಲ್ ಪಂಪನ್ನು ಸುಮ್ನೆ ಹೆಸರಿಗೆ ಇಡುವ ಹಾಗಿಲ್ಲ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು, ಡೀಸೆಲ್ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ಪ್ರತಿ 300 ಮೀಟರಿಗೆ ಸುಮಾರು ಶೇಕಡಾ 3ರಂತೆ ಕಳೆಯಬೇಕು. ಕ್ಯಾಟಲಾಗಿನ ಅಶ್ವಶಕ್ತಿ ನೋಡಿ ಕೊಂಡರೆ ಸಾಲುವುದಿಲ್ಲ. ಒಂದು ಸೈಜ್ ದೊಡ್ಡ ಎಂಜಿನ್ ತರಿಸಿದೆ.

ಮಳೆಗಾಲ ಡಿಟೆಕ್ಟರುಗಳಿಗೂ ಕಾಟ ಕೊಡುತ್ತದೆ. ಹಳೇ ಕಟ್ಟಡದ ಕಾರಿಡಾರ್ ಒಂದು ಬದಿ ತೆರೆದಿದೆ. ಮಂಜು ಒಳಗೆ ನುಗ್ಗಿದರೆ ಹೊಗೆ ಡಿಟೆಕ್ಟರಿಗೆ ಅದೂ ಹೊಗೆಯೇ. ಸುಳ್ಳು ಅಲಾರಂ ಪದೇ ಪದೇ ಬಂದರೆ ಸಿಬ್ಬಂದಿ ಪ್ಯಾನಲ್ ಸೈಲೆಂಟ್ ಮಾಡಿಬಿಡುತ್ತಾರೆ, ನಿಜವಾದ ಅಲಾರಂ ಅದರಲ್ಲೇ ಸತ್ತುಹೋಗುತ್ತದೆ. ತೆರೆದ ಕಾರಿಡಾರ್, ಅಡುಗೆಮನೆ, ಬಟ್ಟೆ ಒಗೆಯುವ ಕೋಣೆಗೆ ಶಾಖದ ಡಿಟೆಕ್ಟರ್ ಹಾಕಿ, ವಾರ್ಡುಗಳೊಳಗೆ ಮಾತ್ರ ಹೊಗೆಯದ್ದು ಇಟ್ಟೆ.

ಕೆಲಸ ನಡೆಯುವಾಗಿನ ಅಪಾಯಕ್ಕೂ ಅಷ್ಟೇ ಡಿಸೈನ್ ಬೇಕು. ಗೋಡೆಯ ಈಚೆ ರೋಗಿಗಳು, ಆಚೆ ಗ್ರೈಂಡರ್ ಕಿಡಿ. ಕಂಟ್ರಾಕ್ಟರ್ ನಡುವೆ ಟಾರ್ಪಾಲು ಕಟ್ಟುತ್ತೇವೆ ಎಂದರು. ಬೇಡ ಎಂದು ನೆಲದಿಂದ ಸ್ಲ್ಯಾಬಿನ ತನಕ ಜಿಪ್ಸಂ ಬೋರ್ಡಿನ ಗೋಡೆ ನಿಲ್ಲಿಸಿದೆವು. ಸ್ಪ್ರಿಂಕ್ಲರ್ ಪೈಪನ್ನು ಒಳಗೆ ವೆಲ್ಡಿಂಗ್ ಮಾಡಲು ಬಿಡಲಿಲ್ಲ. ಅಂಗಳದಲ್ಲಿ ಕತ್ತರಿಸಿ, ತುದಿಯ ಸುತ್ತ ತೋಡು ಕೊರೆದು, ಒಳಗೆ ತಂದು, ಆ ತೋಡನ್ನು ಕಚ್ಚಿ ಹಿಡಿಯುವ ಗ್ರೂವ್ಡ್ ಕಪ್ಲಿಂಗ್‌ನಿಂದ ಜೋಡಿಸಿದ್ದು. ರೇಟು ಜಾಸ್ತಿ, ಆದರೆ ಕಿಡಿಯೇ ಇಲ್ಲ. ತಪ್ಪಿಸಲಾಗದ ವೆಲ್ಡಿಂಗಿಗೆ ಲಿಖಿತ ಪರ್ಮಿಟ್, ಪಕ್ಕದಲ್ಲಿ ಒಬ್ಬರು ಎಕ್ಸ್‌ಟಿಂಗ್ವಿಷರ್ ಹಿಡಿದು ನಿಲ್ಲಬೇಕು, ಕೆಲಸ ಮುಗಿದ ಮೇಲೂ ಒಂದು ಗಂಟೆ ಅಲ್ಲೇ ಇರಬೇಕು. ಧೂಳಿಗೆಂದು ಡಿಟೆಕ್ಟರಿಗೆ ಹಾಕುವ ಪ್ಲಾಸ್ಟಿಕ್ ಟೋಪಿಗಳನ್ನು ಸಂಜೆ ಎಣಿಸಿ ವಾಪಸ್ ಪಡೆಯುತ್ತಿದ್ದೆವು. ಒಂದು ಕಡಿಮೆಯಿದ್ದರೂ ಅದು ಸಿಗುವ ತನಕ ಯಾರೂ ಮನೆಗೆ ಹೋಗುವಂತಿರಲಿಲ್ಲ.

ಗೇಟಿನ ಮಾತೂ ಬಂತು. ಅಗ್ನಿಶಾಮಕ ವಾಹನಕ್ಕೆ 4.5 ಮೀಟರ್ ಅಗಲ, 5 ಮೀಟರ್ ಎತ್ತರದ ದಾರಿ ಬೇಕು. ಹಳೇ ಗೇಟಿನ ಕಮಾನು ಅಷ್ಟು ಎತ್ತರ ಇರಲಿಲ್ಲ. ಅದರ ಮೇಲೆ ಹಿರಿಯರೊಬ್ಬರ ಹೆಸರು ಕೆತ್ತಿದ್ದರಿಂದ ಮನೆಯವರಿಗೆ ಒಡೆಯಲು ಮನಸ್ಸಿರಲಿಲ್ಲ. ಕಲ್ಲನ್ನು ಜೋಪಾನವಾಗಿ ಬಿಚ್ಚಿ ಮುಖ್ಯ ಬಾಗಿಲ ಪಕ್ಕದ ಗೋಡೆಗೆ ಕೂರಿಸಿದೆವು, ಕಮಾನು ಹೋಯಿತು.

ಇನ್ನೂ ಬಾಕಿ ಇರುವುದು ಹಳೇ ಕಟ್ಟಡದ ರೆಕಾರ್ಡ್ ರೂಮು. ಕೇಸ್ ಶೀಟುಗಳ ಕಟ್ಟು ಸೀಲಿಂಗ್ ಮುಟ್ಟುವಷ್ಟು ಪೇರಿಸಿದ್ದಾರೆ. ಸ್ಪ್ರಿಂಕ್ಲರ್ ಕೆಳಗೆ ಕಡೇ ಪಕ್ಷ 450 ಮಿಲಿಮೀಟರ್ ಖಾಲಿ ಬೇಕು, ಇಲ್ಲದಿದ್ದರೆ ನೀರು ಹರಡುವುದಿಲ್ಲ. ಗೋಡೆಗೆ ಕೆಂಪು ಗೆರೆ ಎಳೆಸಿದ್ದೇನೆ. ಹಳೆಯ ಕಟ್ಟುಗಳನ್ನು ಸ್ಕ್ಯಾನ್ ಮಾಡಿ ತೆಗೆಯಲು ಒಪ್ಪಿದ್ದಾರೆ, ಕೆಲಸ ಶುರುವಾಗಿದೆ. ಗೆರೆಯ ಮೇಲಿನ ಸಾಲುಗಳು ಖಾಲಿಯಾದ ಮೇಲೆಯೇ ಆ ರೂಮಿಗೆ ನನ್ನ ಸಹಿ.