ಸೋಲಾರ್ ಅಡಿಯಲ್ಲಿ ಬಸಳೆ ಚಪ್ಪರ

ಬಯಲುಸೀಮೆಯ ಹೊಲಗಳಲ್ಲಿ ಸೋಲಾರ್ ಪ್ಯಾನೆಲ್ ಎತ್ತರಕ್ಕೆ ಕಟ್ಟಿ ಅಡಿಯಲ್ಲಿ ಬೆಳೆ ತೆಗೆಯುವುದು ಮಣ್ಣಿನ ತೇವ ಬೇಗ ಆರದಿರಲಿ ಎಂದು. ಉಡುಪಿ, ಮಂಗಳೂರಿನ ಮುರಕಲ್ಲಿನ (ಜಂಬಿಟ್ಟಿಗೆಯ) ಜಾಗಕ್ಕೂ ಜನವರಿಯಿಂದ ಮೇ ತನಕ ಅದೇ ಬೇಕು. ಆದರೆ ನಮ್ಮ ಮಳೆಗೆ, ಉಪ್ಪುಗಾಳಿಗೆ ಕಟ್ಟುವ ಕ್ರಮ ಬೇರೆ.

ಮೊದಲು ತೆಂಗಿನ ನೆರಳು ನೋಡಿ. ಡಿಸೆಂಬರಿನಲ್ಲಿ ಸೂರ್ಯ ತೆಂಕಿಗೆ ವಾಲಿರುತ್ತಾನೆ. 50 ಅಡಿ ಮರದ ನೆರಳು ನಡುಮಧ್ಯಾಹ್ನವೇ ಬಡಗಿಗೆ ಸುಮಾರು 37 ಅಡಿ ಚಾಚುತ್ತದೆ, 9 ಗಂಟೆಗೂ 3 ಗಂಟೆಗೂ ಇನ್ನೂ ಉದ್ದ. ಪ್ಯಾನೆಲ್‌ಗಳು ಒಂದಕ್ಕೊಂದು ಸರಣಿಯಲ್ಲಿರುವುದರಿಂದ ಒಂದರ ಮೇಲೆ ಮಡಲಿನ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಇಳಿಯುತ್ತದೆ. ಆ ತಿಂಗಳು ಒಂದು ದಿನ ಮೂರು ಹೊತ್ತು ನೆರಳಿನ ಅಂಚಿಗೆ ಗೂಟ ಹೊಡೆದು, ಆಮೇಲೆ ಜಾಗ ಗೊತ್ತುಮಾಡಿ. ಇಳುವರಿ ಕೊಡುವ ಮರ ಕಡಿಯುವುದು ಬೇಡ, ಕಂಬವನ್ನೇ ಸರಿಸಿ.

3 ಎಚ್‌ಪಿ ಪಂಪಿಗೆ 540 ವ್ಯಾಟಿನ 6 ಪ್ಯಾನೆಲ್ ಸಾಕು. ಒಂದೊಂದೂ ಸುಮಾರು ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ. ತೆಂಕಿಗೆ ಮುಖ, 13ರಿಂದ 15 ಡಿಗ್ರಿ ಓರೆ, ತಗ್ಗಿನ ಅಂಚು ನೆಲದಿಂದ 8 ಅಡಿ. ಎರಡೆರಡು ಪ್ಯಾನೆಲ್ ಆದಮೇಲೆ 2 ಅಡಿ ತೆರವು ಬಿಡಿ, ಬೆಳಕು ಇಳಿಯಲಿ. ಮಳೆಗಾಲದ ಗಾಳಿ ಪ್ಯಾನೆಲನ್ನು ಅಡಿಯಿಂದ ಎತ್ತುತ್ತದೆ; ಹಾಗಾಗಿ ಕಂಬದ ಗುಂಡಿ 3 ಅಡಿ ಆಳವಿರಲಿ, ಬುಡ ಅಗಲವಿರಲಿ, ಕಾಂಕ್ರೀಟು ತುಂಬಿ.

ತುಕ್ಕು ಶುರುವಾಗುವುದು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಸ್ಥಳದಲ್ಲೇ ಕತ್ತರಿಸಿದ, ತೂತು ಕೊರೆದ ಕಡೆ. ಅಲ್ಲಿಗೆ ಅಂದೇ ಜಿಂಕ್ ಪೇಂಟು ಬಳಿಯಿರಿ. ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕು. ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದೊಳಗೆ, ಪ್ರತಿಯೊಂದನ್ನೂ ಬಿಗಿಮಾಡಿ.

ಪ್ಯಾನೆಲ್ ಅಂಚಿನಿಂದ ಮಳೆನೀರು ಒಂದೇ ಗೆರೆಯಲ್ಲಿ ಸುರಿದು ಮಣ್ಣು ಕೊರೆಯುತ್ತದೆ. ಆ ಗೆರೆಗೇ ಒಂದಡಿ ಅಗಲದ ಕಣಿ ತೆಗೆದು ಮುರಕಲ್ಲಿನ ಚೂರು ತುಂಬಿ, ಇಂಗುಗುಂಡಿಗೆ ಬಿಡಿ. ಕಣಿಯ ಪಕ್ಕದಲ್ಲೇ ಬಸಳೆ: ಮೂರ್ನಾಲ್ಕು ಗಂಟಿರುವ ಬಲಿತ ಬಳ್ಳಿತುಂಡು, ಒಂದೂವರೆ ಅಡಿಗೊಂದು, ಬುಡಕ್ಕೆ ಸುಡುಮಣ್ಣು, ಹಟ್ಟಿಗೊಬ್ಬರ. ಚಪ್ಪರ ಐದೂವರೆ ಅಡಿಗೆ ನಿಲ್ಲಲಿ. ಬಳ್ಳಿ ಮೇಲೇರಿ ಪ್ಯಾನೆಲಿನ ಹಿಂಬದಿ ಮುಚ್ಚಿದರೆ ಗಾಳಿಯಾಡದೆ ಅದು ಕಾಯುತ್ತದೆ, ಕಾದಷ್ಟೂ ವಿದ್ಯುತ್ ಕಡಿಮೆ. ಮಳೆಗಾಲಕ್ಕೆ ಅರಶಿನ, ಕೆಸು. ಮಲ್ಲಿಗೆ, ಗುಳ್ಳ ಬದನೆ, ಬೆಂಡೆಗೆ ಇಲ್ಲಿ ಜಾಗವಿಲ್ಲ. ಅವಕ್ಕೆ ಪೂರ್ಣ ಬಿಸಿಲು ಬೇಕು.

6 ಪ್ಯಾನೆಲಿನ ಸರಣಿಯಲ್ಲಿ ಸುಮಾರು 300 ವೋಲ್ಟ್ ಡಿಸಿ ಇರುತ್ತದೆ. ತೊಳೆಯುವ ಮೊದಲು ಐಸೊಲೇಟರ್ (ಸಂಪರ್ಕ ಕಡಿಯುವ ಸ್ವಿಚ್) ಆಫ್ ಮಾಡಿ. ಬಿಸಿಲೇರುವ ಮೊದಲೇ ತೊಳೆಯಿರಿ, ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರಿಯಬಹುದು. ಸೋಪು ಬೇಡ, ಆ ನೀರು ಇಳಿಯುವುದು ಬಸಳೆ ಬುಡಕ್ಕೆ.